ಗಾಳಿಗೆ ಎದೆಯೊಡ್ಡದವರು

ಸೈಕಲ್ ಪಂದ್ಯದ ಒಳಗುಟ್ಟು ಬಲ್ಲವನಲ್ಲ ನಾನು, ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ೧೯೩೮ರ ಹುಕ್ಕೇರಿ–ಗೋಕಾಕ ಪಂದ್ಯದಲ್ಲಿ ಕಲ್ಲೋಳಿಯ ಲಕ್ಕಪ್ಪ ಏರಿನಲ್ಲಿ ಮುಂದೆ ನುಗ್ಗಿದ. ಹಿಂದುಳಿದ ಮುರಿಗೆಪ್ಪ, ಶಿದ್ರಾಮ ಇಬ್ಬರೂ ಅವನಿಗಿಂತ ಗಟ್ಟಿಗರು. ಆದರೆ ಇಬ್ಬರಲ್ಲಿ ಮುಂದಾಗಿ ಬೆನ್ನಟ್ಟುವವನು ಎದುರುಗಾಳಿಗೆ ದಣಿಯುತ್ತಾನೆ. ಅವನ ಮರೆಯಲ್ಲಿ ಬಂದವನು ದಮ್ಮು ಉಳಿಸಿಕೊಂಡು ಕೊನೆಗೆ ಗೆಲ್ಲುತ್ತಾನೆ. ಗೆದ್ದವನಿಗೆ ಹೊಸ ಸೈಕಲ್. ಮುರಿಗೆಪ್ಪ ತುಳಿಯುತ್ತಿದ್ದುದು ಬಾಡಿಗೆಯದು.

"ಹೋಗಿ ಹಿಡಿಯೋ ಮುರಿಗ್ಯಾ," ಎಂದ ಶಿದ್ರಾಮ.

"ನಿನ್ನಂಥಾ ಉಣ್ಣೀನ ಬೆನ್ನಿಗೆ ಹಚ್ಕೊಂಡು ಹೋಗ್ಲೇನು?"

"ಹಂಗಾರ ಇಲ್ಲೇ ನಿಲ್ಲು."

ಮುರಿಗೆಪ್ಪ ನಿಂತೇಬಿಟ್ಟ. ಒಂದು ಕಾಲು ನೆಲಕ್ಕೂರಿ, ಸೊಂಟದ ಚೀಲ ಬಿಚ್ಚಿ, ಅಂಗೈಯಲ್ಲಿ ನಿಧಾನವಾಗಿ ತಂಬಾಕು ತಿಕ್ಕತೊಡಗಿದ. ಶಿದ್ರಾಮನೂ ಇಳಿದು, ಅವನ ಸೈಕಲ್ಲಿನ ಮುಂದಿನ ಗಾಲಿಯ ಹತ್ತಿರ ಉಗುಳಿ ನಿಂತ.

ತಿರುವಿನಲ್ಲಿ ಲಕ್ಕಪ್ಪ ಕಾಣದಾದ. ಇಬ್ಬರಲ್ಲಿ ಮೊದಲು ಯಾರು ಪೆಡಲಿಗೆ ಕಾಲಿಟ್ಟರೋ, ನನಗೆ ಗೊತ್ತಿಲ್ಲ.