ಇಪ್ಪತ್ತಕ್ಕೆ ಹನ್ನೊಂದು ಕಡಿಮೆ

ರೂಬೆನ್ ಒಮ್ಮೆ ಎಡದಿಂದ ಎಣಿಸಿದನು, ಒಮ್ಮೆ ಬಲದಿಂದ ಎಣಿಸಿದನು. ಎರಡು ಸಲವೂ ಒಂಬತ್ತೇ ಬಂದಿತು.

"ಇಪ್ಪತ್ತು ಜನ ಬೇಕು ಲೇಮಾರಾ. ಹದಿನೆಂಟರಿಂದ ಮೂವತ್ತರ ಒಳಗಿನೋರು. ಕಾಗದದಲ್ಲಿ ಬರೆದಿದ್ವಲ್ಲ."

"ಪಟ್ಟೀಲಿ ಇಪ್ಪತ್ತು ಹೆಸರು ಇದೆಯಲ್ಲ ಅಣ್ಣ."

"ಪಟ್ಟಿ ಬಂದು ಚಾಪೆ ಮೇಲೆ ಕೂರಲ್ಲ ತಾಯಿ."

ಊರಿನ ಸಭಾಮನೆಯಲ್ಲಿ, ಇಪ್ಪತ್ತು ಮಂದಿಗೆಂದು ಹಾಸಿದ್ದ ಚಾಪೆಗಳ ಮೇಲೆ ಲೇಮಾರಾಳೂ ಸೇರಿ ಒಂಬತ್ತು ಮಂದಿ ದೂರದೂರ ಕುಳಿತಿದ್ದರು. ಎಪಿ ದ್ವೀಪದ ಈ ಮೂಲೆಗೆ ದೋಣಿ ಎಂಜಿನ್‌ಗಳ ದುರಸ್ತಿ ಕಲಿಸುವ ತರಬೇತಿ ಕೇಂದ್ರವೊಂದು ಬರಲಿ ಎಂದು ಅವಳು ಎರಡು ವರ್ಷಗಳಲ್ಲಿ ಎಂಟು ಪತ್ರ ಬರೆದಿದ್ದಳು. ಎಂಟನೆಯದಕ್ಕೆ ಉತ್ತರ ಬಂದಿತು: ಎರಡು ದೇಶಗಳು ಕೂಡಿ ನಡೆಸುವ ಯುವಜನ ಸಹಕಾರ ಯೋಜನೆಯಲ್ಲಿ ಕೇಂದ್ರ ಕೊಡಬಹುದು, ಇಪ್ಪತ್ತು ಯುವಜನರು ಸಭೆ ಸೇರಿ ಒಪ್ಪಿಗೆ ಸೂಚಿಸಬೇಕು. ರಾಜಧಾನಿಯಿಂದ ರೂಬೆನ್, ಆಸ್ಟ್ರೇಲಿಯಾದ ಕಡೆಯಿಂದ ಮಿಸ್ ಹಾರ್ಲೋ ದೋಣಿಯಲ್ಲಿ ಬಂದದ್ದು ಆ ಸಭೆಗಾಗಿಯೇ. ಕೇಂದ್ರ ಬಂದರೆ ಕಲಿಸಲು ತಾನೇ ಬರುತ್ತೇನೆ, ಬಾರದಿದ್ದರೆ ಇನ್ನೊಂದು ಅವಧಿಯ ತೋಟದ ಕೆಲಸಕ್ಕೆ ಸಹಿ ಹಾಕುತ್ತೇನೆ ಎಂದು ಎಂಜಿನ್ ಕೆಲಸ ಬಲ್ಲ ಅವಳ ಗಂಡ ಕಾಲೋ ಹೇಳಿದ್ದನು. ಅವನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ತೋಟಕ್ಕೆ ಹಣ್ಣು ಕೀಳಲು ಹೋದಾಗ ಮಗಳಿಗೆ ನಾಲ್ಕು ತಿಂಗಳು. ಈಗ ಆ ಮಗು ಓಡುತ್ತದೆ.

ಊರಿನ ಮುಖ್ಯಸ್ಥ ಕಲ್ಮೆಟ್ ಗಂಟಲು ಸರಿಮಾಡಿಕೊಂಡನು. "ನಮ್ಮಲ್ಲಿ ಹಿರಿಯ ಅಂತ ಪಟ್ಟ ಕಟ್ಟೋವರೆಗೂ ಎಲ್ರೂ ಹುಡುಗ್ರೇ. ಅಲ್ನೋಡು ಮಥಾಯಸ್, ಐವತ್ತನಾಲ್ಕು. ಇನ್ನೂ ಪಟ್ಟ ಆಗಿಲ್ಲ. ಬರ್ಕೋ, ಹತ್ತು."

"ಬರ್ಕೊಳ್ಳಿ ಸ್ವಾಮಿ," ಎಂದನು ಬಾಗಿಲ ಬಳಿ ನಿಂತಿದ್ದ ಮಥಾಯಸ್. "ನನ್ನ ಮೊಮ್ಮಕ್ಕಳನ್ನ ಮಾತ್ರ ವಿಚಾರಿಸ್ಬೇಡಿ."

ಎಲ್ಲರೂ ನಕ್ಕರು. ರೂಬೆನ್ ನಗಲಿಲ್ಲ.

ಲೇಮಾರಾ ಫೋನನ್ನು ಚಾಪೆಯ ನಡುವೆ ಇಟ್ಟು ಧ್ವನಿ ಜೋರುಮಾಡಿದಳು. ಕ್ವೀನ್ಸ್‌ಲ್ಯಾಂಡಿನ ತೋಟದಲ್ಲಿ ಅದು ಊಟದ ಬಿಡುವು; ಪಟ್ಟಿಯ ಉಳಿದ ಹನ್ನೊಂದು ಮಂದಿ ಅಲ್ಲಿದ್ದರು. "ಕಾಲೋ, ಹನ್ನೊಂದು ಜನಾನೂ ಇದೀರಾ?"

"ಇದೀವಿ. ಬ್ರೆಡ್ ತಿಂತಾ ಇದೀವಿ. ಹೆಸರು ಕೂಗು."

ಅವಳು ಪಟ್ಟಿ ನೋಡಿ ಒಂದೊಂದೇ ಹೆಸರು ಕೂಗಿದಳು. ಒಂದೊಂದೇ ಕೊರಳು "ಇದೀನಿ" ಎಂದಿತು. ಏಳನೆಯವನು, "ಇದೀನಿ ಅಕ್ಕ, ನನ್ನ ಪಾಲಿನ ಊಟ ಕಲ್ಮೆಟಜ್ಜನ ಕಣ್ಣಿಗೆ ಬೀಳದ ಹಾಗೆ ಎತ್ತಿಡು," ಎಂದನು. ಹನ್ನೊಂದನೆಯ ಹೆಸರಿನ ಮುಂದೆ ಗುರುತು ಹಾಕಿ ಅವಳು ತಲೆಯೆತ್ತಿದಳು.

"ಒಂಬತ್ತು, ಹನ್ನೊಂದು. ಕೂಡಿ ಅಣ್ಣ."

"ಅವರು ಊರಲ್ಲಿಲ್ಲ. ಊರಲ್ಲಿ ಇರೋರನ್ನ ಮಾತ್ರ ಎಣಿಸ್ಬೇಕು."

"ಮತ್ತೆ ಎಲ್ಲಿದಾರೆ? ಈ ಅಮ್ಮನ ದೇಶದಲ್ಲಿ ತಾನೆ? ಅವರನ್ನ ಕರ್ಕೊಂಡು ಹೋದ ಒಪ್ಪಂದಕ್ಕೆ ಸಹಿ ಹಾಕಿದ್ದು ನಿಮ್ಮ ಎರಡು ಸರ್ಕಾರಗಳೇ ತಾನೆ? ಇಲ್ಲಿ ಆಗದಿದ್ರೆ ಅಲ್ಲಿ ಎಣಿಸ್ಕೊಳ್ಳಿ."

ಮಿಸ್ ಹಾರ್ಲೋ ದ್ವೀಪದ ಮಾತು ಕಲಿತಿದ್ದರು. ಮೃದುವಾಗಿಯೇ ಹೇಳಿದರು: "ಅಲ್ಲಿ ಅವರು ಕಾರ್ಮಿಕರ ಲೆಕ್ಕಕ್ಕೆ ಬರ್ತಾರಮ್ಮ, ಯುವಜನರ ಲೆಕ್ಕಕ್ಕೆ ಬರಲ್ಲ. ಅದು ಬೇರೆ ಇಲಾಖೆ."

"ಕಾಲೋಗೆ ಇಪ್ಪತ್ತೆಂಟು," ಎಂದಳು ಲೇಮಾರಾ. "ಇಲ್ಲಿ, ಊರಲ್ಲಿಲ್ಲ ಅಂತ ಬಿಟ್ರಿ. ಅಲ್ಲಿ, ಯುವಕ ಅಲ್ಲ ಅಂತ ಬಿಟ್ರಿ. ಬದುಕಿದಾನೆ ಅಂತಾದ್ರೂ ಯಾವ ಇಲಾಖೇಲಿ ಬರ್ಕೊಳ್ತೀರಿ?"

ಫೋನಿನಲ್ಲಿ ತೋಟದ ಗಂಟೆ ಕೇಳಿಸಿತು. "ಕೆಲಸ ಶುರು, ಹೋಗ್ಬೇಕು," ಎಂದನು ಕಾಲೋ. "ಆಯ್ತಾ ಲೇಮಾರಾ? ಆಯ್ತೋ ಇಲ್ವೋ?" ಅವಳು ಬಾಯಿ ತೆರೆಯುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಹನ್ನೊಂದು ಮಂದಿಯನ್ನು ಒಂದು ದೇಶದಲ್ಲಿ ಕಳೆದು ಇನ್ನೊಂದು ದೇಶದಲ್ಲಿ ಕೂಡದೆ ಬಿಡುವ ಲೆಕ್ಕವನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ರೂಬೆನ್ ವರದಿಯ ಹಾಳೆ ತುಂಬಿದನು. ಸಭೆ ನಡೆಯಲಿಲ್ಲ, ಕೇಂದ್ರವನ್ನು ಬೇರೆ ದ್ವೀಪಕ್ಕೆ ಪರಿಶೀಲಿಸಬಹುದು; ಕಾರಣ: ಯುವಜನರಲ್ಲಿ ಆಸಕ್ತಿಯ ಕೊರತೆ.

"ಆಸಕ್ತಿ ಇಲ್ಲ ಅಂತ ಮಾತ್ರ ಬರೀಬೇಡಿ," ಎಂದಳು ಲೇಮಾರಾ.

"ಫಾರಂನಲ್ಲಿ ಮೂರೇ ಕಾರಣ ಇರೋದು ತಾಯಿ. ಬಿರುಗಾಳಿ, ಊರಲ್ಲಿ ಜಗಳ, ಆಸಕ್ತಿ ಕೊರತೆ. ನೀನೇ ಹೇಳು, ಯಾವ್ದು ಹಾಕ್ಲಿ?"

"ಜಗಳ ಅಂತ ಹಾಕು," ಎಂದನು ಕಲ್ಮೆಟ್. "ಈಗ ಶುರುವಾಗಿದೆ."

ಊಟವಾಯಿತು. ಬಂದವರಿಗೆ ಉಣಿಸದೆ ಕಳುಹಿಸುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಇಪ್ಪತ್ತು ಮಂದಿಗೆ ಬೇಯಿಸಿದ್ದ ಗೆಣಸು ಬಹಳಷ್ಟು ಉಳಿಯಿತು. ದೋಣಿ ಹತ್ತುವ ಮುನ್ನ ರೂಬೆನ್ ಚೀಲಕ್ಕೆ ಕೈಹಾಕಿ ಹಾಳೆಗಳ ಇನ್ನೊಂದು ಕಟ್ಟು ಹೊರತೆಗೆದನು.

"ಇಪ್ಪತ್ತೊಂದು ತುಂಬಿರೋರು ಯಾರಿದೀರಪ್ಪ? ಹಣ್ಣಿನ ತೋಟಕ್ಕೆ ಮುಂದಿನ ತಂಡ ಹೋಗುತ್ತೆ. ಅರ್ಜಿ ಇಲ್ಲೇ ತುಂಬಿ ಕೊಡಬಹುದು."

ಒಂಬತ್ತರಲ್ಲಿ ಆರು ಮಂದಿ ಎದ್ದರು. ಅವರಲ್ಲಿ ಯಾರೂ ಲೇಮಾರಾಳ ಮುಖ ನೋಡಲಿಲ್ಲ.

"ಅದು ಬೇರೆ ಇಲಾಖೆ ಅಂದ್ರಲ್ಲ?" ಎಂದಳು ಅವಳು.

"ಹೌದು, ಬೇರೆನೇ. ಹೆಂಗೂ ದೋಣಿ ಬರ್ತಿತ್ತಲ್ಲ, ಆ ಇಲಾಖೆಯೋರೂ ಕೊಟ್ಟು ಕಳಿಸಿದ್ರು."

"ಇದಕ್ಕೆ ಎಷ್ಟು ಜನ ಸೇರ್ಬೇಕು?"

"ಇದಕ್ಕೆ ಹಂಗೇನಿಲ್ಲ," ಎಂದು ರೂಬೆನ್ ಪೆನ್ನಿನ ಮುಚ್ಚಳ ತೆಗೆದು ಮೊದಲಿನವನ ಕೈಗೆ ಕೊಟ್ಟನು. "ಒಬ್ರಿದ್ರೂ ಸಾಕು."