ಜೋಡಿ ಕುರ್ಚಿ

“ಮತ್ತ ಚುಚ್ಚತೈತಿ,” ಎಂದು ನೇಸರಗಿಯ ಮಡಿವಾಳೆಪ್ಪ ಗೌಡರು ಹೊಸ ಕುರ್ಚಿಯಿಂದ ಎದ್ದೇಬಿಟ್ಟರು. ಅದರಲ್ಲಿ ಕೂತು ಅರೆಗಳಿಗೆಯೂ ಆಗಿರಲಿಲ್ಲ.

ಕಟ್ಟೆಯ ಕೆಳಗೆ ಅಂಗಳದಲ್ಲಿ ನಿಂತಿದ್ದ ಬಡಿಗ ದುರ್ಗಪ್ಪ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಬೈಲಹೊಂಗಲದಿಂದ ಬಸ್ಸಿನ ಟಾಪಿಗೆ ಕುರ್ಚಿ ಏರಿಸಿ ತಂದದ್ದು ಇದು ಐದನೆಯ ಸಲ.

“ಎಲ್ಲಿ ಚುಚ್ಚತೈತ್ರಿ?”

“ಎಲ್ಲಿ ಅಂದ್ರ? ಕುಂತ್ರ ಚುಚ್ಚತೈತಿ. ಹಳೇದ್ರಾಗ ಕುಂತ್ರ ನಿದ್ದಿ ಬರತೈತಿ, ಇದ್ರಾಗ ಕುಂತ್ರ ಸಿಟ್ಟು ಬರತೈತಿ.”

“ನಡದಾಗೋ, ಬೆನ್ನಾಗೋ? ತೊಡಿ ಕೆಳಗೋ?”

“ಅದನ್ನ ಹೇಳಾಕ ಬಡಿಗ್ಯಾ ನೀನೋ, ನಾನೋ?”

ಹಳೆಯದೆಂದರೆ ಗೌಡರ ತಂದೆ ಬೆಳಗಾವಿಯ ಹರಾಜಿನಲ್ಲಿ ಒಬ್ಬ ಬಿಳಿಯ ಸಾಹೇಬನ ಸಾಮಾನಿನ ಜೊತೆ ಕೊಂಡ ವಿಂಡ್ಸರ್ ಕುರ್ಚಿ. ಕೂರಲು ದಪ್ಪ ಹಲಗೆ, ಅದರಲ್ಲಿ ಕೊರೆದ ತೂತುಗಳಿಗೆ ಕೆಳಗೆ ನಾಲ್ಕು ಕಾಲು, ಮೇಲೆ ಬಿಲ್ಲಿನಂತೆ ಬಾಗಿದ ಬೆನ್ನು, ಬಿಲ್ಲಿನೊಳಗೆ ಏಳು ತೆಳು ಕಡ್ಡಿ, ಎರಡೂ ಬದಿಗೆ ತೋಳಿಡುವ ಕೈ. ಒಂದು ಮೊಳೆ ಇಲ್ಲ. ಬೀಗರು ಬಂದಾಗ ಒಬ್ಬರು ಕುರ್ಚಿಯಲ್ಲಿ, ಒಬ್ಬರು ಚಾಪೆಯಲ್ಲಿ ಕೂರುವುದು ಚಂದವಲ್ಲವೆಂದು ಗೌಡರಿಗೆ ಅದರ ಜೋಡಿ ಬೇಕಾಗಿತ್ತು. ಇಬ್ಬರು ಬಡಿಗರು ನೋಡಿ ಕೈಮುಗಿದು ಹೋದ ಮೇಲೆ ದುರ್ಗಪ್ಪನಿಗೆ ಕರೆ ಬಂದಿತ್ತು. ಅವನ ಕೇರಿಯವರು ಯಾರೂ ಅದುವರೆಗೆ ಗೌಡರ ಕಟ್ಟೆ ಹತ್ತಿದವರಲ್ಲ. ಹಾಗಾಗಿ ಮೊದಲ ದಿನ ಕುರ್ಚಿಯನ್ನೇ ಅಂಗಳಕ್ಕೆ ಇಳಿಸಿದ್ದರು. ಅವನು ದಾರ ಹಿಡಿದು ಅಳತೆ ತೆಗೆದುಕೊಂಡ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಅದನ್ನು ಮೇಲೆ ಒಯ್ದರು.

ಹಂಡೆಯ ಹಬೆಯಲ್ಲಿ ಕಟ್ಟಿಗೆ ಬಗ್ಗಿಸುವುದನ್ನು ದುರ್ಗಪ್ಪ ತಾನೇ ಕಲಿತ. ಮೂರು ಬಿಲ್ಲು ಮುರಿದು ನಾಲ್ಕನೆಯದು ನಿಂತಿತು. ಗೌಡರು ಚುಚ್ಚುತ್ತದೆಂದರು, ಕಡ್ಡಿ ಹೆರೆದು ಸಣ್ಣ ಮಾಡಿದ. ಚುಚ್ಚುತ್ತದೆಂದರು, ಹಲಗೆಯನ್ನು ತೋಡಿ ತಟ್ಟೆಯಂತೆ ತಗ್ಗು ಮಾಡಿದ. ಬಿಲ್ಲನ್ನು ಹಿಂದಕ್ಕೆ ವಾಲಿಸಿದ, ಮತ್ತೆ ಮುಂದಕ್ಕೆ ತಂದ. ಈಗಲೂ ಅದೇ ಮಾತು.

“ಗೌಡ್ರ, ನಾ ಒಮ್ಮೆ ಹಳೇ ಕುರ್ಚ್ಯಾಗ ಕುಂದರಬೇಕ್ರಿ.”

ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದ ಗೌಡರ ಹೆಂಡತಿ ಸಾವಿತ್ರೆವ್ವನ ಮೊರ ನಿಂತಿತು.

“ಏನಂದಿ?” ಎಂದರು ಗೌಡರು.

“ಅಳತಿ ಎಲ್ಲಾ ಒಂದ ಐತ್ರಿ. ಕುರ್ಚಿ ಬ್ಯಾರೆ ಆಗೇತಿ. ಹಿತ ಅನ್ನೂದು ದಾರಕ್ಕ ತಿಳಿಯೂದಿಲ್ರಿ, ಬೆನ್ನಿಗೆ ತಿಳಿಬೇಕು.”

“ಅದ್ರಾಗ ನಮ್ಮಪ್ಪ ಕುಂತಾನಲೇ! ನನ್ನ ತಮ್ಮಗೂ ನಾ ಕುಂದರಾಕ ಬಿಟ್ಟಿಲ್ಲ.”

“ಹಂಗಾರ ಇದನ್ನ ಒಲಿಗೆ ಹಾಕ್ರಿ. ಆರನೇ ಸಲ ನಾ ಬರೂದಿಲ್ಲ.” ದುರ್ಗಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ಸೋಮಾರ ಬೀಗರು ಬರ್ತಾರ,” ಎಂದಳು ಸಾವಿತ್ರೆವ್ವ ಗಂಡನಿಗೆ. “ನಿಮಗ ಹೇಳಾಕೂ ಬರೂದಿಲ್ಲ, ಆಂವಗ ನೋಡಾಕೂ ಬಿಡೂದಿಲ್ಲ. ಚುಚ್ಚತೈತಿ ಚುಚ್ಚತೈತಿ ಅನ್ನೂದು ಕೇಳಿ ಕೇಳಿ ನನಗೂ ಸಾಕಾಗೇತಿ.”

ಗೌಡರು ಓಣಿಯ ಕಡೆ ನೋಡಿದರು. ದನಿ ಇಳಿಸಿದರು. “ಆತು. ನಾ ಹೊಲಕ್ಕ ಹೋಗಿ ಬರ್ತೇನಿ. ಬರೂದ್ರಾಗ ನೋಡಿ ಮುಗಸು.”

“ನೀವು ಹೋದ್ರ ಆಗೂದಿಲ್ರಿ. ಇದ್ರಾಗ ನೀವು, ಅದ್ರಾಗ ನಾನು. ಇಬ್ರೂ ಕೂಡೇ ಕುಂತು, ಎಲ್ಲಿ ಏನ್ ತಾಗತೈತಿ ಹೊಂದಿಸಿ ನೋಡಬೇಕು.”

ಗೌಡರು ಸಿಡಿಮಿಡಿಗೊಳ್ಳುತ್ತ ಹೋಗಿ ಹೊಸ ಕುರ್ಚಿಯಲ್ಲಿ ದೊಪ್ಪನೆ ಕೂತರು.

ದುರ್ಗಪ್ಪ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ. ಹಳೆಯ ಕುರ್ಚಿಯನ್ನು ಗೌಡರಿಗೆ ಎದುರಾಗಿ ತಿರುಗಿಸಿಕೊಂಡು ಕೂತ.

ಕೂತ ಮರುಕ್ಷಣವೇ ತಿಳಿಯಿತು. ಹಿಂದಿನ ಎರಡೂ ಕಾಲು ಸವೆದು ಬೆರಳಗಲ ಗಿಡ್ಡವಾಗಿದ್ದವು. ಹಲಗೆ ಹಿಂದಕ್ಕೆ ಇಳಿಜಾರಾಗಿ ಸೊಂಟವನ್ನು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಭಾರವೆಲ್ಲ ಹಲಗೆಯ ಮೇಲೆ, ಕಡ್ಡಿಗೆ ಬೆನ್ನು ಬರೀ ತಾಗುತ್ತಿತ್ತು. ಅವತ್ತು ಒಂದು ಮುಂಗಾಲು ಅಳೆದು ನಾಲ್ಕಕ್ಕೂ ಅದನ್ನೇ ಹಿಡಿದಿದ್ದ; ಏರುತಗ್ಗಿನ ಅಂಗಳದಲ್ಲಿ ಈ ವಾಲು ಗೊತ್ತಾಗುವ ಮಾತೇ ಇರಲಿಲ್ಲ. ಹೊಸದರ ಹಿಂಗಾಲು ಕೊಯ್ದರೆ ಮುಗಿಯಿತು, ಗರಗಸಕ್ಕೆ ಐದು ನಿಮಿಷದ ಕೆಲಸ.

ಇಬ್ಬರ ಮೊಣಕಾಲ ನಡುವೆ ಒಂದು ಗೇಣು ಅಂತರವಿತ್ತು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಕೊಡ ಹೊತ್ತುಕೊಂಡೇ ನಿಂತು ನೋಡಿದರು.

“ತಿಳೀತಿಲ್ಲೋ?” ಗೌಡರು ಹಲ್ಲು ಕಚ್ಚಿ ಕೇಳಿದರು. “ತಿಳದಿದ್ರ ಏಳಿನ್ನ.”

ದುರ್ಗಪ್ಪ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಚಾಚಿದ. ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿದ.

“ತಡೀರಿ ಗೌಡ್ರ,” ಎಂದ. “ಇನ್ನಾ ತಿಳಿವಲ್ದು.”