ಮರದ ಆಚೆ, ಮರದ ಈಚೆ

"ಮರವನ್ನು ಪ್ರೀತಿಸುವವನೇ ಮಡದಿಯನ್ನು ಪ್ರೀತಿಸಬಲ್ಲ" ಎಂಬ ಬ್ಯಾನರನ್ನು ನಾಲ್ಕು ಮೊಳೆ ಹೊಡೆದು ಮರಕ್ಕೇ ಬಡಿದಿದ್ದರು. ಪ್ರೇಮಿಗಳ ದಿನದ ಅಂಗವಾಗಿ ಉದ್ಯಾನ ಇಲಾಖೆ ಏರ್ಪಡಿಸಿದ್ದ ಮರ ಅಪ್ಪುವ ಸ್ಪರ್ಧೆ. ಆ ಘೋಷಣೆ ಬರೆದವನು ಇಲಾಖೆಯ ಗುಮಾಸ್ತ. ಅವನ ಹೆಂಡತಿ ಅದನ್ನು ಎರಡೆರಡು ಸಲ ಓದಿದಳು. ಹತ್ತೊಂಬತ್ತು ದಿನಗಳಿಂದ ಗಂಡನೊಡನೆ ಮಾತು ಬಿಟ್ಟಿದ್ದವಳಿಗೂ ನಗು ತಡೆಯಲಾಗಲಿಲ್ಲ.

ನಗದೆ ಇನ್ನೇನು ಮಾಡಿಯಾಳು? ಅವಳು ಎರಡು ದಿನ ಅಣ್ಣನ ಮನೆಗೆ ಹೋಗಿ ಬರುವಷ್ಟರಲ್ಲಿ, ಮದುವೆಯಾದ ವರ್ಷ ಅಡುಗೆಮನೆ ಕಿಟಕಿಯ ಹೊರಗೆ ಅವಳೇ ನೆಟ್ಟಿದ್ದ ಸೀಬೆ ಮರವನ್ನು ಈ ಮಹಾನುಭಾವ ಕಡಿಸಿ, ಸಿಮೆಂಟ್ ಬಳಿಸಿ, ಅಲ್ಲಿ ಕಾರು ನಿಲ್ಲಿಸಿದ್ದ. ಬೀದಿಯಲ್ಲಿ ಕಾರು ಬಿಸಿಲಿಗೆ ಒಣಗುತ್ತಿತ್ತಂತೆ, ಪಾಪ. ಈಗ "ನೌಕರರು ಪತ್ನೀಸಮೇತ ಕಡ್ಡಾಯವಾಗಿ ಭಾಗವಹಿಸತಕ್ಕದ್ದು" ಎಂಬ ಸುತ್ತೋಲೆ ಬೇರೆ. ಮಾತು ಬಿಟ್ಟವಳು ಅದರ ಹಿಂಬದಿಯಲ್ಲೇ ಉತ್ತರ ಬರೆದು ಅವನ ಚಪ್ಪಲಿಯ ಮೇಲಿಟ್ಟಿದ್ದಳು: "ಬರುತ್ತೇನೆ. ಮುಗಿದ ಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕು. ಅಣ್ಣನ ಮನೆಯಿಂದ ಯಾವಾಗ ವಾಪಸ್ಸು ಅಂತ ಕೇಳಬಾರದು." ಅವಳ ಸೂಟ್‌ಕೇಸು ಆಗಲೇ ಕಾರಿನ ಡಿಕ್ಕಿಯಲ್ಲಿತ್ತು. ಗುಮಾಸ್ತನಿಗೆ ಭಯವಾಗಿತ್ತು, ಅವಳು ಹೊರಟರೆ ಬರುವವಳಲ್ಲ.

ನಿಯಮ ಸುಲಭ. ಮರದ ಆಚೆ ಹೆಂಡತಿ, ಈಚೆ ಗಂಡ. ಕಾಂಡವನ್ನು ತಬ್ಬಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯಬೇಕು. ಕೊನೆಯವರೆಗೂ ಬಿಡದವರೇ ಆದರ್ಶ ದಂಪತಿ. ಸಾಹೇಬರು ಸೀಟಿ ಊದಿದರು. ಹೊಸದಾಗಿ ಮದುವೆಯಾದ ಜೋಡಿ ಫೋಟೊ ಚೆನ್ನಾಗಿ ಬಂತೆಂದು ಮೂರೇ ನಿಮಿಷಕ್ಕೆ ಕೈ ಬಿಟ್ಟಿತು. ಟೈಪಿಸ್ಟ್ ಮತ್ತು ಅವಳ ಗಂಡ ಯಾರ ಕೈ ಹೆಚ್ಚು ಬೆವರುತ್ತಿದೆ ಎಂಬ ವಿಚಾರಕ್ಕೆ ಜಗಳವಾಡಿ ಹೊರಬಿದ್ದರು.

"ರೀ," ಮರದ ಆಚೆಯಿಂದ ಧ್ವನಿ ಬಂತು. ಹತ್ತೊಂಬತ್ತು ದಿನಗಳ ಮೇಲೆ ಅವಳಾಡಿದ ಮೊದಲ ಮಾತು. "ಈ ಮರ ಎಷ್ಟು ಚೆನ್ನಾಗಿದೆ ಅಲ್ವಾ? ಕಡಿಸಿದ್ರೆ ಎರಡು ಕಾರು ನಿಲ್ಲಿಸಬಹುದು."

"ಸುಮ್ನಿರೇ, ಸಾಹೇಬ್ರು ಇಲ್ಲೇ ಇದ್ದಾರೆ... ಅಯ್ಯಯ್ಯೋ! ಇರುವೆ ಕಣೇ! ಅಂಗಿ ತೋಳೊಳಗೆ ಹೋಯ್ತು! ಕೈ ಬಿಡು, ಬಿಡೇ!"

"ಅವುಗಳ ಮನೆ ಅದು. ಹೇಳದೆ ಕೇಳದೆ ಬಂದು ಮೈಮೇಲೆ ಬಿದ್ರೆ ಅವು ಸುಮ್ನಿರ್ತವಾ?" ಅವಳು ಬೆರಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದಳು. ಉಗುರುಗಳೂ ಕೈಲಾದ ಸಹಾಯ ಮಾಡಿದವು.

"ತಪ್ಪಾಯ್ತು ತಾಯಿ, ತಪ್ಪಾಯ್ತು!"

"ಇದು ನನಗೆ ಹೇಳಿದ್ದಾ, ಇರುವೆಗಾ?"

ಗುಮಾಸ್ತ ಹಲ್ಲು ಕಚ್ಚಿ ನಿಂತ. ಮುಖ ಕಾಣುತ್ತಿರಲಿಲ್ಲ, ಅದೇ ಅನುಕೂಲವಾಯಿತು. "ನಿನಗೇ ಕಣೇ," ಎಂದ ಮೆಲ್ಲಗೆ. "ನೀನು ಅಣ್ಣನ ಮನೆಯಿಂದ ಬಂದವಳು ಅಡುಗೆಮನೆ ಕಿಟಕಿ ತೆಗೆದು, ಬಿಸಿಲು ನೋಡಿ, ಒಂದು ಮಾತೂ ಆಡದೆ ಮುಚ್ಚಿಬಿಟ್ಟೆಯಲ್ಲ? ಬೈದಿದ್ರೆ ತಡ್ಕೋತಿದ್ದೆ. ಅವತ್ತಿಂದ ಆ ಕಾರು ಹತ್ತೋಕೇ ನಾಚಿಕೆ ಆಗ್ತಿದೆ. ನೀನು ಹೋಗ್ಬೇಡ."

ಆಚೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

ಅವರೇ ಗೆದ್ದರು. "ನೋಡಿ, ಇಷ್ಟೆಲ್ಲ ಇರುವೆ ಕಚ್ಚಿದರೂ ಕೈ ಬಿಡದ ಪ್ರೇಮ!" ಎಂದು ಸಾಹೇಬರು ಭಾವುಕರಾದರು. ಬಿಡಿಸಿಕೊಳ್ಳಲು ಪಟ್ಟ ಪಾಡು ಗುಮಾಸ್ತನ ಕೈಗೇ ಗೊತ್ತು, ಮೊಣಕೈವರೆಗೆ ಊದಿಕೊಂಡಿತ್ತು. ಬಹುಮಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಒಂದು ಸೀಬೆ ಸಸಿ ಕೊಟ್ಟರು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು.

"ಬಹುಮಾನದ ಪಟ್ಟಿ ಬರೆದೋರು ಯಾರು?"

"ನಾನೇ," ಎಂದ ಗುಮಾಸ್ತ ತೋಳು ಕೆರೆದುಕೊಳ್ಳುತ್ತಾ.

"ಸಸಿ ಅಂಗಡೀಲಿ ಸಿಗ್ತಿರ್ಲಿಲ್ವಾ? ಸೋತಿದ್ರೆ ಏನ್ ಮಾಡ್ತಿದ್ರಿ?"

"ಹಟಕ್ಕೆ ಬಿದ್ರೆ ನೀನು ಬಿಡೋಳಲ್ಲ ಅಂತ ಗೊತ್ತಿತ್ತು."

ಅವಳು ತುಟಿ ಕಚ್ಚಿಕೊಂಡು ಕಾರಿನ ಕಡೆ ನಡೆದಳು. ಸಸಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ತಾನು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು. ವೃತ್ತದ ಬಳಿ ಗುಮಾಸ್ತ ಕಾರು ನಿಧಾನ ಮಾಡಿದ. ಎಡಕ್ಕೆ ಬಸ್‌ಸ್ಟ್ಯಾಂಡು, ಬಲಕ್ಕೆ ಮನೆ. ಕನ್ನಡಿಯಲ್ಲಿ ಅವಳ ಮುಖ ನೋಡಿದ.

"ನನ್ನ ಮುಖ ಏನ್ ನೋಡ್ತೀರಿ? ನಾನು ಹೋದ್ರೆ ಅದಕ್ಕೆ ನೀರು ಹಾಕೋರು ಯಾರು, ನೀವಾ? ಬಲಕ್ಕೆ ತಿರುಗಿಸಿ."

ಗುಮಾಸ್ತ ಜೀವ ಬಂದವನಂತೆ ತಿರುಗಿಸಿದ. ಮನೆ ಬಂತು. ಅದೇ ಉತ್ಸಾಹದಲ್ಲಿ ಇಳಿದು ಗೇಟು ತೆಗೆದ, ಕಾರನ್ನು ಒಳಗೆ ತರಬೇಕೆಂದು ಮತ್ತೆ ಹತ್ತಿ ಕುಳಿತ. ಅಷ್ಟರಲ್ಲಿ ಅವಳು ಸಸಿ ಎತ್ತಿಕೊಂಡು ಹೋಗಿ ಆ ಸಿಮೆಂಟಿನ ನಡುಮಧ್ಯದಲ್ಲಿ ಇಟ್ಟಾಗಿತ್ತು.

"ಕಾರು ಬೀದೀಲೇ ಇರಲಿ," ಎಂದಳು. "ಸೂಟ್‌ಕೇಸು ಡಿಕ್ಕಿಯಲ್ಲೇ ಇರಲಿ. ಮೊದಲು ಹಾರೆ ತನ್ನಿ."